ಆಮೆನ್ ಅನ್ನುವ ಮೊದಲು

"ಐವತ್ತಮೂರನೇ ಇಸವಿಯ ತಂಡ," ಎಂದು ರೆವರೆಂಡ್ ಪೆಟಿಗ್ರೂ ಮೈಕಿನಲ್ಲಿ ಎರಡನೇ ಸಲ ಕರೆದರು. ಸಭಾಂಗಣದಲ್ಲಿ ಯಾರೂ ಏಳಲಿಲ್ಲ.

ಅಮೆರಿಕದಲ್ಲಿ ಗುಲಾಮಗಿರಿ ಕಳಚಿಕೊಂಡ ಕಪ್ಪುಜನ ಚರ್ಚಿನ ಕಾಣಿಕೆಯಿಂದ ಕಟ್ಟಿದ ಪುಟ್ಟ ಕಾಲೇಜು ಅದು. ಹಳೆಯ ವಿದ್ಯಾರ್ಥಿಗಳು ಸೇರುವ ದಿನ ಹೆಸರು ಕರೆದಾಗ ಎದ್ದು ಕೂಗುವ ತಂಡಕ್ಕೆ ಡ್ರಮ್ಮು, ಕೂಗದ ತಂಡಕ್ಕೆ ಪ್ರಾರ್ಥನೆ. ಒಮ್ಮೆ ಪ್ರಾರ್ಥನೆ ಮುಗಿಯಿತೆಂದರೆ ಆ ಇಸವಿಯನ್ನು ಮತ್ತೆಂದೂ ಕರೆಯುವುದಿಲ್ಲ.

ಅದೇ ಹೊತ್ತಿಗೆ ಹೊರಗೆ, ಆ ತಂಡದಲ್ಲಿ ಬದುಕುಳಿದಿದ್ದ ಒಬ್ಬರೇ ಒಬ್ಬರು, ಮಿಸ್ ಅರ್ಡೀಲಿಯಾ, ಮೊಮ್ಮಗಳು ಡೆನೀಶಾಳ ತೋಳು ಹಿಡಿದು ಕಾರಿನಿಂದ ಇಳಿಯುತ್ತಿದ್ದರು.

"ನಿಧಾನ ಅಜ್ಜಿ, ಬಿದ್ದುಗಿದ್ದೀಯ."

"ಪೆಟ್ರೋಲ್ ಬಂಕಲ್ಲಿ ನಿಂತ್ಕೊಂಡು ಹುಬ್ಬು ತಿದ್ದಿದೋಳು ನೀನು. ಈಗ ನಂಗೆ ನಿಧಾನ ಹೇಳ್ಕೊಡ್ತೀಯಾ? ನಡಿ ನಡಿ. ಅವ್ರು ಆಮೆನ್ ಅಂದ್ಬಿಟ್ರೆ ನಾವೆಲ್ಲ ಸತ್ತ ಲೆಕ್ಕ."

ಒಳಗೆ ತಲೆಗಳೆಲ್ಲ ಬಾಗಿದ್ದವು. "ತಂದೆಯೇ, ನೀನು ನಿನ್ನ ಬಳಿಗೆ ಕರೆಸಿಕೊಂಡ ಈ ಮಕ್ಕಳನ್ನೆಲ್ಲ..."

"ಎಲ್ಲಾರ್ನೂ ಕರೆಸ್ಕೊಂಡಿಲ್ಲ ಕಣಪ್ಪಾ," ಎಂದಿತು ಬಾಗಿಲಿನಿಂದ ಒಂದು ದನಿ. "ಒಬ್ಳನ್ನ ಬಿಟ್ಟಿದ್ದಾನೆ."

ಬಾಗಿದ ತಲೆಗಳು ಒಟ್ಟಿಗೇ ಎದ್ದವು. ಏಳು ಕಡಲು ದಾಟಿ ಬಂದ ರಾಣಿಯ ಹಾಗೆ, ತಲೆಯ ಮೇಲೆ ನೇರಳೆ ಟೋಪಿ ತೂಗಿಸುತ್ತ, ಊರುಗೋಲು ಕುಟ್ಟುತ್ತ ಮಿಸ್ ಅರ್ಡೀಲಿಯಾ ನಡುವಿನ ದಾರಿಯಲ್ಲಿ ನಡೆದು ಬಂದರು. ಡ್ರಮ್ಮಿನ ಹುಡುಗರಿಗೆ ತಡೆಯಲಾಗಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಬಾರಿಸಿಯೇ ಬಿಟ್ಟರು.

ವೇದಿಕೆಯ ಮುಂದೆ ನಿಂತು ಆಕೆ ತಮ್ಮ ತಂಡದ ಕೂಗು ಹಾಕಿದರು: "ಯಾರಿದ್ದೀರಿ?"

ಉತ್ತರ ಕೊಡಲು ಇಡೀ ಸಭೆ ಬಾಯಿ ತೆರೆಯಿತು. ಅವರು ಊರುಗೋಲು ಎತ್ತಿ ಗದರಿದರು. "ಸುಮ್ನಿರ್ರೋ. ಇದಕ್ಕೆ ಓಗೊಡೋರು ನಮ್ಮೋರೇ."

ಮತ್ತೆ ಕೂಗಿದರು. ಬಳಿಕ ತಾವೇ ಹಿಂದಕ್ಕೆ ತಿರುಗಿ, ಸತ್ತುಹೋದ ಗೆಳತಿಯೊಬ್ಬಳ ಕೀರಲು ದನಿ ತೆಗೆದು, "ನಾನಿದ್ದೀನಿ" ಎಂದರು. ಮತ್ತೆ ಕೂಗು. ಈ ಸಲ ಒಬ್ಬ ಉಗ್ಗುವ ಗೆಳೆಯ: "ನಾ... ನಾನಿದ್ದೀನಿ." ಜನ ಬಿದ್ದುಬಿದ್ದು ನಗುತ್ತಿದ್ದರು, ಬೆಂಚು ಬಡಿಯುತ್ತಿದ್ದರು.

ಮೂರನೆಯದು ಮೂಗಿನಿಂದ ಹೊರಡುವ ಗಡಸು ದನಿ. "ನಾನೂ ಇದ್ದೀನಿ, ಎಲ್ಲಿಗ್ ಹೋಗ್ಲಿ?"

ಅದು ಆ ತಂಡದಲ್ಲೇ ಓದಿದ್ದ, ಮಣ್ಣಾಗಿ ಎಷ್ಟೋ ವರ್ಷವಾಗಿದ್ದ, ರೆವರೆಂಡ್ ಪೆಟಿಗ್ರೂ ಅವರ ತಾಯಿಯ ದನಿ.

ಎಪ್ಪತ್ತು ದಾಟಿದ ರೆವರೆಂಡ್, ಮೈಕು ಬಾಯಿಯ ಹತ್ತಿರವೇ ಇರುವುದನ್ನು ಮರೆತು, ಚಿಕ್ಕಂದಿನ ಹಾಗೆ ಓಗೊಟ್ಟರು:

"ಬಂದೆ, ಅಮ್ಮಾ."