ಕಾರಣದ ಕಾಲಂ

“ನಾ ಸಹಿ ಮಾಡಂಗಿಲ್ರಿ.”

ತಬಸ್ಸುಮ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಸೊಂಟದ ಕೀಲಿಗೊಂಚಲು ಝಣ್ ಎಂದಿತು.

ಆಳಂದದ ಆ ಪುಟ್ಟ ವರ್ಕ್‌ಶಾಪಿನಲ್ಲಿ ಮಾಲೀಕ ಶಾಂತಲಿಂಗಪ್ಪನಿಗೆ ಎದುರಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಮನುಷ್ಯ ಕೆಟ್ಟವನಲ್ಲ, ಗಾಬರಿಯಲ್ಲಿದ್ದ. ಇಲ್ಲಿಯ ಉಕ್ಕಿನ ಪಿನ್ನುಗಳು ಸೇನೆಯ ಪ್ಯಾರಾಚೂಟಿಗೆ ಹೋಗುತ್ತವೆ. ಹಗ್ಗ ಎಳೆದೊಡನೆ ಪಿನ್ನು ಜಾರಿ ಹೊರಬರಬೇಕು, ಪ್ಯಾರಾಚೂಟು ಬಿಚ್ಚಿಕೊಳ್ಳಬೇಕು. ಹೋದ ವಾರದ ಪರೀಕ್ಷೆಯಲ್ಲಿ ಪಿನ್ನು ತೂತಿನಲ್ಲೇ ಕಚ್ಚಿಕೊಂಡು ಕೂತಿತು. ಪುಣ್ಯಕ್ಕೆ ಕಟ್ಟಿದ್ದು ಮರಳಿನ ಚೀಲ.

ಪಿನ್ನು ಅರ್ಧ ಕೂದಲೆಳೆಯಷ್ಟು ದಪ್ಪವಾಗಿತ್ತು. ಅಷ್ಟೇ.

ಮೇಲಿನವರು ಕಳಿಸಿದ ಫಾರ್ಮಿನಲ್ಲಿ ‘ಕಾರಣ’ ಎಂಬ ಕಾಲಂ ಇತ್ತು. ಶಾಂತಲಿಂಗಪ್ಪ ಆಗಲೇ ತುಂಬಿದ್ದ: ಪಿನ್ನು ಕಡೆಯುವ ಲೇಥ್ ನಡೆಸುವ ಕಲ್ಯಾಣಕುಮಾರನ ಅಲಕ್ಷ್ಯ. ಮಾಲು ತಪಾಸಣೆ ಮಾಡುವ ತಬಸ್ಸುಮಳ ಸಹಿಯೊಂದು ಬಿದ್ದರೆ ಆ ಹುಡುಗನ ಕೆಲಸ ಹೋದಂತೆಯೇ.

“ಎಂಟು ವರ್ಷ ಇಲ್ಲದ ಅಲಕ್ಷ್ಯ ಒಂದೇ ವಾರದಾಗ ಹೆಂಗ ಬಂತ್ರಿ?”

“ಹಂಗಾರ ಯಾರ ಹೆಸರು ಬರೀಲಿ? ನಂದು?”

“ಖರೇ ಇದ್ರ ನಿಮ್ಮದೂ ಬರೀಬೇಕ್ರಿ. ಸುಳ್ಳು ಬರದ್ರ ಪಿನ್ನು ಮತ್ತ ಕಚ್ಕೋತದ.”

ಬಾಗಿಲ ಬಳಿ ಕಲ್ಯಾಣಕುಮಾರ ಬೆವರುತ್ತ ನಿಂತಿದ್ದ. “ಬಿಡ್ರಿ ಆಪಾ. ನಿಮ್ಮ ನೌಕರಿಗೂ ಕುತ್ತು.”

“ನೀ ಸುಮ್ಮಕಿರು.”

ಕಲಬುರಗಿಯಿಂದ ಕೇಳಿ ತಂದ ಮೈಕ್ರೋಮೀಟರಿನಲ್ಲಿ ಆಕೆ ಉಳಿದ ಪಿನ್ನುಗಳನ್ನೆಲ್ಲ ಅಳೆದಿದ್ದಳು. ಮಹಾನವಮಿಗೆ ಮೊದಲಿನವೆಲ್ಲ ಸರಿ. ಅಂದು ಆಯುಧಗಳಿಗೆ, ಯಂತ್ರಗಳಿಗೆ ಮಾಡುವ ಖಂಡೆ ಪೂಜೆಯ ಮರುದಿನದಿಂದ ಎಲ್ಲವೂ ದಪ್ಪ.

“ಪೂಜಿ ದಿನ ಏನರ ಬದಲಾತೇನ್ರಿ?”

“ನಾ ಜಿಡಗಾ ಮಠಕ್ಕ ಹೋಗಿದ್ದೆ. ಒಂದೂ ಬಿಡದಂಗ ಪೂಜಿ ಆಗ್ಬೇಕಂತ ಹೇಳಿ ಕೀಲಿ ಕೊಟ್ಟು ಹೋಗಿದ್ದೆ. ಆಗೇದಲ್ಲ.”

ಆಗಿತ್ತು. ಲೇಥು, ಡ್ರಿಲ್ಲು, ಸ್ವಿಚ್ ಬೋರ್ಡು, ಎಲ್ಲದರ ಮೇಲೂ ಮೂರು ಗೆರೆ ವಿಭೂತಿ. ಗೆರೆಗಳು ಒಂದೇ ಅಳತೆಯವು, ಒಂದೂ ಸೊಟ್ಟಗಿರಲಿಲ್ಲ. ಪೂಜೆಯ ಗುರುತನ್ನು ಇಲ್ಲಿ ಯಾರೂ ಒರೆಸುವುದಿಲ್ಲ. ತಾನಾಗಿ ಅಳಿಸಿಹೋಗುವ ತನಕ ಇರುತ್ತದೆ.

ಅಳೆಯದೆ ಉಳಿದದ್ದು ಒಂದೇ, ಮಾದರಿ ಪಿನ್ನು. ಪ್ರತಿ ಬೆಳಗ್ಗೆ ಅದನ್ನಿಟ್ಟು ಗೇಜಿನ ಮುಳ್ಳನ್ನು ಸೊನ್ನೆಗೆ ತರುತ್ತಾರೆ, ಮಿಕ್ಕ ಪಿನ್ನುಗಳನ್ನೆಲ್ಲ ಅದಕ್ಕೆ ಹೋಲಿಸುತ್ತಾರೆ. ಅದನ್ನೇ ಅಳೆದು ನೋಡುವ ಯೋಚನೆ ಯಾರಿಗೆ ಬರಬೇಕು?

ತಬಸ್ಸುಮ ಅಳೆದಳು. ಅರ್ಧ ಕೂದಲೆಳೆ ಹೆಚ್ಚು.

ಓಢಣಿಯ ಅಂಚಿನಿಂದ ತಿಕ್ಕಿ ಮತ್ತೆ ಅಳೆದಳು. ಸರಿ ಇತ್ತು. ಓಢಣಿಯ ಅಂಚು ಬೆಳ್ಳಗಾಗಿತ್ತು.

ಆಕೆ ಸೊಂಟದ ಕೀಲಿಗೊಂಚಲನ್ನು ಹಿಡಿದುಕೊಂಡಳು. ಶಾಂತಲಿಂಗಪ್ಪನ ಕೈ ತಂತಾನೇ ಹಣೆಯ ವಿಭೂತಿಯ ಕಡೆ ಹೋಯಿತು.

“ಆತು. ಕಲ್ಯಾಣನ ಹೆಸರು ಹೊಡದ್ಹಾಕು.” ಅವನ ದನಿ ಮೆತ್ತಗಾಗಿತ್ತು. “ಆದ್ರ ಇದನ್ನ ಬರೀಬ್ಯಾಡ ಬೇ. ಕಾರಣ ಗೊತ್ತಾಗಿಲ್ಲಂತ ಬರಿ.”

“ಗೊತ್ತಾಗೇದಲ್ರಿ.”

“ಮಂದಿ ಬಾಯಿಗೆ ಬಂದಂಗ ಮಾತಾಡ್ತಾರ. ಭಕ್ತಿಲಿಂದ ಹಚ್ಚಿದ್ದು ಅದು, ಕೈ ಮುಗಿತೇನಿ.”

“ಭಕ್ತಿಲಿಂದನೇ ಹಚ್ಚಿದ್ದು, ನನಗೂ ಗೊತ್ತದರಿ. ಬರೀಲಿಲ್ಲಂದ್ರ ಬರೋ ವರ್ಷ ಮತ್ತ ಹಚ್ತಾರ. ಆಗ ಮರಳಿನ ಚೀಲ ಇರಂಗಿಲ್ಲ, ಮನಷ್ಯಾ ಇರ್ತಾನ.”

“ನಿನ್ನ ಹಟಕ್ಕ ಏನನ್ಬೇಕು!”

“ಏನರ ಅನ್ರಿ. ಯಾರ ಹೆಸರಿದ್ರೂ ಬರೀಬೇಕಂತ ಮೊದಲೇ ಹೇಳೇನಿ.”

ಆಕೆ ಕಲ್ಯಾಣಕುಮಾರನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಕೆಳಗೆ ದುಂಡಗೆ ಬರೆದಳು:

“ಮಾದರಿ ಪಿನ್ನಿನ ಮೇಲೆ ಪೂಜೆಯ ವಿಭೂತಿ ಇತ್ತು. ಅಂದು ಸಾಹುಕಾರರು ಊರಲ್ಲಿರಲಿಲ್ಲ. ಕೀಲಿ ನನ್ನಲ್ಲಿತ್ತು, ಹಚ್ಚಿದವಳು ನಾನೇ — ತಬಸ್ಸುಮ.”