ಶುಕ್ರವಾರ ಮಧ್ಯಾಹ್ನದ ಫೋನು

ವಕೀಲ ರಾಬ್ಸನ್ ಹೆಕ್ಸಮ್ ಊರಿನ ಪೇಟೆ ಚೌಕ ದಾಟಿ, ತನ್ನಂತೆಯೇ ವಕೀಲಿಕೆ ಮಾಡುವ ಎನಿಡ್ ಹಾರ್ಬಟಲ್‌ಳ ಆಫೀಸಿಗೆ ಬಂದಾಗ, ಆಕೆ ಮೊದಲು ನೋಡಿದ್ದು ಅವನ ಬೂಟನ್ನು. ಒರೆಸಿಕೊಂಡು ಒಳಗೆ ಬನ್ನಿ ಎಂದಳು. ಇಬ್ಬರ ಆಫೀಸೂ ಎದುರುಬದುರು. ಆದರೂ ಇಷ್ಟು ವರ್ಷಗಳಲ್ಲಿ ಅವನು ಈ ಹೊಸಿಲು ತುಳಿದದ್ದು ಇದೇ ಮೊದಲು. ಊರಿನಲ್ಲಿ ಯಾವ ಮನೆ ಮಾರಾಟವಾದರೂ ಕೊಳ್ಳುವವರ ಪರ ಒಬ್ಬರು, ಮಾರುವವರ ಪರ ಇನ್ನೊಬ್ಬರು. ಎದುರಾಳಿಯ ಬಾಗಿಲಿಗೆ ಚಹಾ ಕುಡಿಯಲು ಯಾರಾದರೂ ಹೋಗುತ್ತಾರೆಯೇ?

"ನಿಮ್ಮನ್ನೂ ಪ್ಯಾನೆಲ್‌ನಿಂದ ತೆಗೆದ್ರಂತೆ," ಎಂದ ರಾಬ್ಸನ್.

"ತೆಗೆದ್ರು. ನಿಮ್ಮನ್ನ?"

"ನನ್ನನ್ನೇನು ತಲೆ ಮೇಲೆ ಕೂರಿಸ್ಕೊಳ್ತಾರಾ? ನನ್ನನ್ನೂ ತೆಗೆದ್ರು."

ಮನೆ ಸಾಲ ಕೊಡುವ ಬ್ಯಾಂಕು ತನ್ನ ಪ್ಯಾನೆಲ್‌ನಲ್ಲಿ ಹೆಸರಿರುವ ವಕೀಲರ ಮೂಲಕವಷ್ಟೇ ಹಣ ಬಿಡುತ್ತದೆ. ಮೊದಲು ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಮೂಲೆಯ ಬ್ಯಾಂಕಿನ ಮ್ಯಾನೇಜರ್ ಎನಿಡ್‌ಳ ಸಹಿ ಕಂಡರೆ ಕಣ್ಣು ಮುಚ್ಚಿ ಒಪ್ಪುತ್ತಿದ್ದ. ಆ ಪುಣ್ಯಾತ್ಮ ಹೋದ, ಬ್ಯಾಂಕೂ ಹೋಯಿತು; ಅಲ್ಲೀಗ ಕಾಫಿ ಮಾರುತ್ತಾರೆ. ಈಗ ಎಲ್ಲೋ ಕೂತವರು ಹೊಸ ನಿಯಮ ಮಾಡಿದ್ದಾರೆ: ವಕೀಲರ ಆಫೀಸಿನಲ್ಲಿ ಕನಿಷ್ಠ ಇಬ್ಬರು ಪಾಲುದಾರರಿರಬೇಕು. ಒಬ್ಬರೇ ಇದ್ದರೆ ದುಡ್ಡು ನುಂಗಿಬಿಟ್ಟಾರು ಎಂಬ ಗುಮಾನಿ. ಕಂಡವರ ಕಾಸು ಮುಟ್ಟದೆ ತಲೆ ನರೆಸಿಕೊಂಡ ಎನಿಡ್‌ಗೆ ಕಪಾಳಕ್ಕೆ ಹೊಡೆದಂತಾಗಿತ್ತು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಜೆಮ್ಮಾಳ ಮುಖ. ಅವಳ ಅಪ್ಪ ಅಮ್ಮನ ಮನೆಯ ಕಾಗದ ಮಾಡಿದವಳು ಎನಿಡ್. ಆಗ ಈ ಹುಡುಗಿ ಮೇಜಿನ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಈಗ ಆಸ್ಪತ್ರೆಯಲ್ಲಿ ನರ್ಸ್, ಮೊದಲ ಮನೆ ಕೊಳ್ಳುತ್ತಿದ್ದಾಳೆ. ವಕೀಲರನ್ನು ಬದಲಿಸಿ ಎಂದು ಬ್ಯಾಂಕು ಹೇಳಿದೆ. "ನಂಗೆ ನೀವೇ ಬೇಕು ಆಂಟೀ," ಎಂದು ನಿನ್ನೆ ಬಾಗಿಲಲ್ಲೇ ನಿಂತಿದ್ದಳು. ಜೆಮ್ಮಾ ಹೋದರೆ ಮುಂದೆ ಸಾಲ ಮಾಡಿ ಮನೆ ಕೊಳ್ಳುವವರು ಯಾರೂ ಬರುವುದಿಲ್ಲ, ಬಾಗಿಲು ಹಾಕುವುದೊಂದೇ ದಾರಿ ಎಂದು ಎನಿಡ್‌ಗೆ ಗೊತ್ತಿತ್ತು.

"ಒಬ್ಬೊಬ್ರೇ ಇರೋದು ತಾನೇ ಅವ್ರಿಗೆ ತೊಂದ್ರೆ? ನಾವಿಬ್ರೂ ಸೇರ್ಕೊಂಡ್ಬಿಟ್ರೆ?" ಎಂದ ರಾಬ್ಸನ್.

ಎನಿಡ್‌ಗೆ ನಗು ತಡೆಯಲಾಗಲಿಲ್ಲ. ಬೇಲಿ ಯಾರದು, ಮೋರಿ ಯಾರದು, ಹಿತ್ತಲ ಕಲ್ಲಿದ್ದಲು ಗೂಡು ಯಾರದು ಎಂದು ಚೌಕದ ಈ ದಡದಿಂದ ಆ ದಡಕ್ಕೆ ಪತ್ರ ಬರೆದು ಕಿತ್ತಾಡಿದವರು ಒಂದೇ ಸೂರಿನಡಿ! ಆದರೂ ಒಪ್ಪಿದಳು. ಬೇಸಿಗೆ ಕಳೆಯುವಷ್ಟರಲ್ಲಿ ಇಬ್ಬರ ಹೆಸರಿನ ಬೋರ್ಡು ಎನಿಡ್‌ಳ ಬಾಗಿಲಿಗೆ ಬಂತು, ಬ್ಯಾಂಕೂ ಪ್ಯಾನೆಲ್‌ಗೆ ಸೇರಿಸಿಕೊಂಡಿತು. ಆ ಖುಷಿಗೆ ಎನಿಡ್ ಚಹಾ ಬಗ್ಗಿಸುತ್ತಿದ್ದಾಗ ರಾಬ್ಸನ್ ಥಟ್ಟನೆ ಆಕೆಯ ಕೈ ತಡೆದ.

"ಜೆಮ್ಮಾಗೆ ಮನೆ ಮಾರ್ತಿರೋರು ಫೆನ್ವಿಕ್ ಅಜ್ಜಿ ಅಲ್ವಾ? ಅವ್ರು ನನ್ನ ಕಕ್ಷಿದಾರರು, ಮಿಸೆಸ್ ಹಾರ್ಬಟಲ್."

ಊರವರ ಕಾಗದಗಳಲ್ಲೆಲ್ಲ ಹುಳುಕು ಹುಡುಕುವ ಇಬ್ಬರೂ ತಮ್ಮ ಕಾಲ ಬುಡದ ಹಳ್ಳ ನೋಡಿರಲಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ಒಂದೇ ಆಫೀಸು ನಿಲ್ಲುವುದನ್ನು ಬ್ಯಾಂಕು ಒಪ್ಪುವುದಿಲ್ಲ. ಕೊನೆಗೆ ರಾಬ್ಸನ್ ತಾನೇ ಹೋಗಿ, ಅಜ್ಜಿಯ ಕೈ ಕಾಲು ಹಿಡಿದು, ಆಕೆಯ ಫೈಲನ್ನು ನ್ಯೂಕಾಸಲ್‌ನ ದೊಡ್ಡ ಕಂಪನಿಯೊಂದಕ್ಕೆ ಸಾಗಿಸಿದ. ಜೆಮ್ಮಾ ಉಳಿದಳು, ಆಫೀಸೂ ಉಳಿಯಿತು. ಆದರೆ ಇನ್ನು ಯಾವ ಮನೆಗೂ ತಾವಿಬ್ಬರು ಎದುರುಬದುರು ನಿಲ್ಲುವಂತಿಲ್ಲ ಎಂಬುದು ಆ ರಾತ್ರಿ ಎನಿಡ್‌ಗೆ ಹೊಳೆದು, ಎದೆಯೊಳಗೆ ಏನೋ ಕಳಚಿಕೊಂಡಂತಾಯಿತು.

ಏಕೆಂದರೆ ಶುಕ್ರವಾರಗಳಿದ್ದವು. ಈ ಊರಿನಲ್ಲಿ ಮನೆಗಳ ಕೀಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಹೆಚ್ಚಾಗಿ ಶುಕ್ರವಾರ. ಮಧ್ಯಾಹ್ನ ಫೋನು ರಿಂಗಾಗುತ್ತಿತ್ತು. ತಾನು ಕಾದು ಕೂತಿದ್ದೇನೆ ಎಂದು ರಾಬ್ಸನ್‌ಗೆ ಗೊತ್ತಾಗದಿರಲೆಂದು ಎನಿಡ್ ಮೂರು ಸಲ ರಿಂಗಾಗಲು ಬಿಟ್ಟು ಎತ್ತುತ್ತಿದ್ದಳು. ಹಣ ಬಂತು, ಕೀಲಿ ಕೊಡಿಸಿದೆ ಎನ್ನುತ್ತಿದ್ದ ರಾಬ್ಸನ್. ಆಮೇಲೆ ಆ ಮನೆಯ ಸೇಬಿನ ಮರ, ಅವನ ಮಂಡಿನೋವು, ಎಲ್ಲ. ಗಂಡ ತೀರಿಕೊಂಡ ವರ್ಷ ಆಕೆಯನ್ನು ನಗಿಸಿದ ದನಿ ಅದೊಂದೇ.

ಜೆಮ್ಮಾಳ ಶುಕ್ರವಾರ ಬಂತು. ಮಧ್ಯಾಹ್ನ ಫೋನು ರಿಂಗಾಯಿತು. ನ್ಯೂಕಾಸಲ್‌ನ ಎಳೆಯ ದನಿಯೊಂದು ಫೈಲಿನ ನಂಬರು ಓದಿ, ಹಣ ಬಂದಿದೆ, ಕೀಲಿ ಕೊಡಿಸಿದ್ದೇವೆ ಎಂದು ಹೇಳಿ ಫೋನು ಇಟ್ಟುಬಿಟ್ಟಿತು. ಎನಿಡ್ ರಿಸೀವರ್ ಹಿಡಿದೇ ಕೂತಳು.

"ಏನಂದ್ರು?" ಎಂದ ಎದುರು ಮೇಜಿನ ರಾಬ್ಸನ್.

"ನಂಬರ್ ಹೇಳಿದ್ರು."

"ಫೆನ್ವಿಕ್ ಅಜ್ಜಿ ಕೋಳಿಗಳನ್ನ ಏನ್ ಮಾಡಿದ್ರಂತೆ?"

"ಅದನ್ನೆಲ್ಲ ಯಾರ್ ಹೇಳ್ತಾರೆ ಈಗ," ಎಂದಳು ಎನಿಡ್.

ರಾಬ್ಸನ್ ಎದ್ದ. ಕೋಟು ಹಾಕಿಕೊಂಡು ಹೊರಗೆ ಹೋದ. ಮಂಡಿ ಹಿಡಿದುಕೊಂಡು ಅವನು ಚೌಕ ದಾಟುವುದು ಕಿಟಕಿಯಿಂದ ಕಾಣುತ್ತಿತ್ತು. ಅವನ ಹಳೆಯ ಆಫೀಸು ಖಾಲಿಯಾಗಿತ್ತು. ಅಲ್ಲಿಯ ಫೋನು ಮಾತ್ರ ತಿಂಗಳ ಕೊನೆಯವರೆಗೆ ಇರಲಿತ್ತು. ಅವನು ಬೀಗ ತೆಗೆದು ಒಳಗೆ ಹೋದ.

ಎನಿಡ್‌ಳ ಮೇಜಿನ ಫೋನು ರಿಂಗಾಯಿತು. ಆಕೆ ಕೂದಲು ಸರಿಮಾಡಿಕೊಂಡಳು, ಕೈಯನ್ನು ರಿಸೀವರ್ ಮೇಲಿಟ್ಟಳು, ಮೂರು ಸಲ ರಿಂಗಾಗಲು ಬಿಟ್ಟಳು.