ಉಪವಾಸದ ದಿನದ ಎಣ್ಣೆ

ಹರಳೆಣ್ಣೆಯ ಹಾಳು ವಾಸನೆ ಬಂದರೆ ಇವತ್ತಿಗೂ ನನ್ನ ಎಡಗೆನ್ನೆ ಉರಿಯುತ್ತದೆ.

ತೆಲಿಗಿಯ ನಮ್ಮ ಮನೆಯಲ್ಲಿ ಏಸುವನ್ನು ನಂಬಿದವಳು ಅವ್ವ ಒಬ್ಬಳೇ. ಶುಕ್ರವಾರ ಅವಳ ಉಪವಾಸ. ಅದು ದೇವರಿಗೆ ಬಿಟ್ಟು ಇನ್ನಾರಿಗೂ ಗೊತ್ತಾಗಬಾರದು, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡಿರಬೇಕು ಎಂದು ಪಾದ್ರಿ ಹೇಳಿದ್ದರಂತೆ. ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಅಜ್ಜಿ ತನ್ನ ದೇವತೆ ಉಚ್ಚಂಗೆಮ್ಮನಿಗೆ ಮಾಡುವ ಉಪವಾಸದಲ್ಲಿ ಎಣ್ಣೆ ಮುಟ್ಟುವಂತೆಯೇ ಇರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ ಓಣಿಯ ಹೆಂಗಸರಿಗೆ ಅಜ್ಜಿ ಅವ್ವನ ಮಿರುಗುವ ತಲೆ ತೋರಿಸಿದಳು. "ನೋಡ್ರಿ ನಮ್ಮ ಸೊಸಿನ್ನ. ನಾವಿನ್ನೂ ಉಂಡಿಲ್ಲ, ಈಕಿ ಕದ್ದು ಉಂಡು ಎಣ್ಣಿ ಹಚ್ಕಂಡು ಕುಂತಾಳ."

"ಅವ್ವ ನಿನ್ನಿಯಿಂದ ಏನೂ ಉಂಡಿಲ್ಲ, ಉಪಾಸ ಅದಾಳ!" ಎಂದು ನಾನು ಕಿರುಚಿದೆ.

ಅವ್ವ ಬಾಚಣಿಗೆ ಕೆಳಗಿಟ್ಟು, ಎಣ್ಣೆಗೈಯಿಂದಲೇ ನನ್ನ ಕೆನ್ನೆಗೆ ಬಾರಿಸಿದಳು. ಒಳಗಿಂದ ಒಂದು ಜೋಳದ ರೊಟ್ಟಿ ತಂದು, ಎಲ್ಲರೆದುರು ಕೂತು, ಮುರಿದು ಮುರಿದು ತಿಂದಳು.

"ನೋಡಿದ್ರೇನ್ರಿ? ಮಗಳಿಗೂ ಸುಳ್ಳು ಹೇಳೋದು ಕಲಿಸ್ಯಾಳ," ಎಂದು ಅಜ್ಜಿ ನಕ್ಕಳು. ಹೆಂಗಸರೂ ನಕ್ಕರು.

ನನ್ನ ಪರವಾಗಿ ಅವ್ವ ಒಂದು ಮಾತು ಹೇಳಬಹುದಿತ್ತು. ಕೊನೆಯ ತುಣುಕನ್ನೂ ಅಗಿದು ನುಂಗಿದಳು.

ಮುಂದಿನ ಶುಕ್ರವಾರ ಅವಳು ಎಣ್ಣೆ ಬಟ್ಟಲು ಹಿಡಿದು ಒಳಗೆ ಹೋದಳು. ನನ್ನನ್ನು ಹೊರಗೆ ಬಿಟ್ಟು ಚಿಲಕ ಹಾಕಿಕೊಂಡಳು.